ಹೊಡೆತಗಳ ಹೆಸರು

ಫೆಬ್ರವರಿ ೧೧

ಪ್ರೀತಿಯ ಅಣ್ಣನವರಿಗೆ,

ನಿಮ್ಮ ಸೂಜಿಯ ನಮಸ್ಕಾರಗಳು. ನೀವು ಬರೆದ ಎರಡು ಪತ್ರಗಳೂ ಬಂದಿವೆ. ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಬಾಬಿನ್‌ಗಳ ಜೊತೆ ಕೂತು ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿವೆ. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀರಿ. ಬೈಯಿರಿ. ಈ ಮನೆಯಲ್ಲಿ ಈಗ ನನ್ನನ್ನು ಬೈಯುವವರೇ ಇಲ್ಲ. ಬರೆಯಲು ಕೂತಾಗಲೆಲ್ಲ ಇವರು ಹೇಗಿದ್ದಾರೆಂದು ಮೊದಲ ಸಾಲಿನಲ್ಲೇ ಹೇಳಬೇಕಾಗುತ್ತಿತ್ತು. ಸುಳ್ಳು ಬರೆಯಲು ಕೈ ಬರಲಿಲ್ಲ, ನಿಜ ಬರೆಯಲು ಧೈರ್ಯ ಬರಲಿಲ್ಲ.

ನಿಮ್ಮ ಮಂಡಿ ನೋವು ಹೇಗಿದೆ? ಅತ್ತಿಗೆಯ ಕಣ್ಣಿನ ಆಪರೇಷನ್ ಸರಿಹೋಯಿತೇ? ಫೋನಿನಲ್ಲೇ ಕೇಳಬಹುದಿತ್ತು. ಆದರೆ ಹೋದ ಸಲ ನಾನು ಕಿರುಚಿದ್ದರಿಂದ ಎದುರು ಮನೆಯವರಿಗೆ ನಮ್ಮ ಸಂಸಾರವೆಲ್ಲ ತಿಳಿಯಿತು, ನಿಮಗೆ ಮಾತ್ರ ತಿಳಿಯಲಿಲ್ಲ. ಒಂದೇ ಗಾಜಿನ ಗೂಡಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ರೇಡಿಯೊದಲ್ಲಿ ಫುಟ್‌ಬಾಲ್ ಆಟದ ವಿವರಣೆ ಕೊಟ್ಟ ಗೆಳೆಯರು ನೀವು ಮತ್ತು ಇವರು. ಒಬ್ಬರಿಗೆ ಕಿವಿ ಹೋಯಿತು, ಇನ್ನೊಬ್ಬರಿಗೆ ಬಾಯಿ ಹೋಯಿತು. ದೇವರು ಹಂಚುವಾಗ ಸಮಪಾಲು ಮಾಡಿದ್ದಾನೆ.

ಹೌದು ಅಣ್ಣ, ಬಾಯಿ ಹೋಯಿತು. ಸ್ಟ್ರೋಕ್ ಆದದ್ದನ್ನು ನಿಮ್ಮ ಸೊಸೆ ಹೇಳಿರುತ್ತಾಳೆ. ಮಾತು ಹೋದದ್ದನ್ನು ಹೇಳಬೇಡವೆಂದು ನಾನೇ ತಡೆದಿದ್ದೆ, ಬಂದೇ ಬರುತ್ತದೆಂದು ನಂಬಿಕೊಂಡು. ಬಲಗೈ ಮಡಿಲಲ್ಲಿ ಬಿದ್ದುಕೊಂಡಿರುತ್ತದೆ. ಬಲಗಾಲನ್ನು ಎಳೆದುಕೊಂಡು ಬಚ್ಚಲಿಗೆ ಹೋಗಿ ಬರುತ್ತಾರೆ. ಅದೆಲ್ಲ ಇರಲಿ. ಮೈದಾನದ ಗದ್ದಲವನ್ನೆಲ್ಲ ಮೀರಿ ಕೇಳುತ್ತಿದ್ದ ಆ ಗಂಟಲಿನಿಂದ ಈಗ 'ನೀರು' ಎಂಬ ಎರಡಕ್ಷರ ಬರುವುದಿಲ್ಲ. ಡಾಕ್ಟರನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರೆ. "ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ, ನೋಡೋಣ ಅಮ್ಮಾ." ನೋಡೋಣ ಎನ್ನುವುದಕ್ಕೆ ಅಷ್ಟು ವರ್ಷ ಓದಬೇಕಿತ್ತೇ?

ಮಾತು ಕಲಿಸಲು ಆಸ್ಪತ್ರೆಯಿಂದ ಒಬ್ಬಳು ಟೀಚರು ಬರುತ್ತಾಳೆ. ನಮ್ಮ ಮಗಳಿಗಿಂತ ಚಿಕ್ಕವಳು. ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಹಿಡಿದು, "ಇದೇನು ಸರ್? ಚ... ಚಮ..." ಎನ್ನುತ್ತಾಳೆ. ಇವರು ಬಾಯಿ ತೆರೆಯುತ್ತಾರೆ, ತುಟಿ ಕೂಡಿಸುತ್ತಾರೆ, ಹಣೆಯ ನರ ಉಬ್ಬುತ್ತದೆ. ಏನೂ ಹೊರಡುವುದಿಲ್ಲ. ಕೊನೆಗೆ ಎಡಗೈಯಿಂದ ಕಾರ್ಡನ್ನು ಪಕ್ಕಕ್ಕೆ ತಳ್ಳಿ ಗೋಡೆ ನೋಡುತ್ತಾರೆ. ನಾನು ಅಡುಗೆಮನೆಯಲ್ಲಿ ನಿಂತು "ಚಮಚ, ಚಮಚ" ಎಂದು ಮನಸ್ಸಿನಲ್ಲೇ ಹೇಳುತ್ತಿರುತ್ತೇನೆ, ನಾನು ಹೇಳಿದರೆ ಅವರ ಬಾಯಿಗೆ ಬರುತ್ತದೆ ಅನ್ನುವ ಹಾಗೆ.

ಇಷ್ಟೇ ಆಗಿದ್ದರೆ ಈ ಪತ್ರವನ್ನೂ ಬರೆಯುತ್ತಿರಲಿಲ್ಲ. ಹೋದ ವಾರ ಒಂದು ಬೆಳಿಗ್ಗೆ ಒಬ್ಬರ ಕೋಟಿಗೆ ಕಾಜಾ ಹಾಕುತ್ತಿದ್ದೆ. ಇವರ ಕುರ್ಚಿ ಮೆಷಿನ್ನಿನ ಪಕ್ಕದಲ್ಲೇ. ದಾರದ ರೀಲು ಮೇಜಿನಿಂದ ಜಾರಿತು. ಬೀರುವಿನ ಅಡಿಗೆ ಹೋದರೆ ಬಗ್ಗಿ ತೆಗೆಯುವವರು ಯಾರು ಎಂದು ಇವರ ಎಡ ಮೊಣಕೈ ಹಿಡಿದುಕೊಂಡು ಕಾಲು ಚಾಚಿದೆ. ಪಾದಕ್ಕೆ ತಾಗಿದ ರೀಲು ಹಾರಿಹೋಗಿ ಬಾಗಿಲಿಗೆ ಬಡಿಯಿತು.

"ವಾಲಿ!"

ಇವರ ದನಿ ಅಣ್ಣ! ಆ ಹಳೆಯ ದನಿ, ರೇಡಿಯೊ ದನಿ, ತೊದಲಿಲ್ಲ, ತಡವರಿಕೆಯಿಲ್ಲ. ನಾನು ಹಾಗೇ ಒಂಟಿಕಾಲಿನಲ್ಲಿ ನಿಂತುಬಿಟ್ಟೆ. ಆಮೇಲೆ ಕೋಟನ್ನು ತಬ್ಬಿಕೊಂಡು ಅತ್ತುಬಿಟ್ಟೆ, ಗಿರಾಕಿಯ ಕೋಟು ಒದ್ದೆಯಾಯಿತು.

ಮರುದಿನದಿಂದ ಇನ್ನಷ್ಟು ಬಂದವು. ಚಿಪ್. ಹೆಡರ್. ಟ್ಯಾಪ್ ಇನ್. ಹಾಫ್ ವಾಲಿ. ಬ್ಯಾಕ್ ಹೀಲ್. ಇನ್ನೂ ಏನೇನೋ. ನನ್ನ ಹೆಸರಿಲ್ಲ, ಮಗಳ ಹೆಸರಿಲ್ಲ, ಅನ್ನವಿಲ್ಲ, ನೀರಿಲ್ಲ. ನಿಮ್ಮ ಆಟದ ಹೊಡೆತಗಳ ಹೆಸರು ಮಾತ್ರ, ಅದೂ ಇಂಗ್ಲಿಷಿನಲ್ಲಿ. ಟೀಚರು, "ಇವು ಅಭ್ಯಾಸದಿಂದ ಬರೋ ಶಬ್ದ ಮೇಡಂ. ಬಹಳ ಸಲ ಹೇಳಿದ್ದು ನಾಲಿಗೆ ಮೇಲೆ ಉಳ್ಕೊಂಡಿರುತ್ತೆ. ಅರ್ಥ ಇರುತ್ತೆ ಅಂತ ಹೇಳಕ್ಕಾಗಲ್ಲ" ಎಂದಳು. ಮಗಳು ಅವಳ ಪರ. ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳಲ್ಲವೇ, ರಿಪೋರ್ಟಿನಲ್ಲಿ ಬರೆದಿದ್ದರೆ ಮಾತ್ರ ಅವಳಿಗೆ ಜ್ವರ.

ನಾನು ನಂಬುವುದಿಲ್ಲ. ರೀಲು ಹಾರಿದಾಗಲೇ ವಾಲಿ ಎಂದರಲ್ಲ, ಅದು ಸುಮ್ಮನೆ ಬಂದದ್ದೇ? ಆದರೆ ವಾಲಿ ಎಂದರೇನು ಎಂದು ನನಗೆ ಗೊತ್ತಿದ್ದರೆ ತಾನೆ! ಇಷ್ಟು ವರ್ಷ ಫುಟ್‌ಬಾಲನ್ನು ಸವತಿಯ ಹಾಗೆ ಕಂಡವಳು ನಾನು. ಗೋಲೆಂದರೆ ಚೆಂಡು ಒಳಗೆ ಹೋಯಿತು, ಅಷ್ಟೆ. ಹೇಗೆ ಹೋದರೇನು? ನೀವು ನಗುತ್ತಿದ್ದಿರಿ: "ಸೂಜೀ, ಯಾರು ಒದ್ದ ಅನ್ನೋದು ನನ್ನ ಪಾಲು, ಹೇಗೆ ಒದ್ದ ಅನ್ನೋದು ಇವನ ಪಾಲು. ಹೇಗೆ ಅನ್ನೋದ್ರಲ್ಲೇ ಇರೋದು ಎಲ್ಲ."

ಈಗ ಕೇಳುತ್ತಿದ್ದೇನೆ. ಒಂದೊಂದರ ಅರ್ಥವನ್ನೂ ಬಿಡಿಸಿ ಬರೆಯಿರಿ. ಹೆಡ್ಡಿಗೆ ಹೇಳುವ ಹಾಗೆ ಹೇಳಿ, ಬೇಜಾರಿಲ್ಲ. ಮಂಡಿ ಒಪ್ಪಿದರೆ ಒಮ್ಮೆ ಬಂದು ಹೋಗಿ. ನೀವು ಪಕ್ಕದಲ್ಲಿ ಕೂತರೆ ಉಳಿದ ಮಾತೂ ಬರಬಹುದು.

ಇಂತಿ ನಿಮ್ಮ ತಂಗಿ,
ಸೂಜಿ


ಏಪ್ರಿಲ್ ೩

ಪ್ರೀತಿಯ ಅಣ್ಣನವರಿಗೆ,

ನಮಸ್ಕಾರ. ನಿಮ್ಮ ದಪ್ಪ ಲಕೋಟೆ ಬಂದಾಗಿನಿಂದ ಉತ್ತರ ಬರೆಯಲು ಪುರಸೊತ್ತಿಲ್ಲ. ಶಾಲೆ ಬಟ್ಟೆಗಳ ಕಾಲ, ಜೊತೆಗೆ ನಿಮ್ಮ ಪಾಠ ಬೇರೆ. ಪತ್ರವನ್ನು ಮೆಷಿನ್ನಿನ ಮುಂದಿನ ಗೋಡೆಗೆ ಗುಂಡುಪಿನ್ನಿನಲ್ಲಿ ಚುಚ್ಚಿಕೊಂಡಿದ್ದೇನೆ. ಹೊಲಿಯುತ್ತ ಓದುತ್ತೇನೆ. ನಿಮ್ಮ ವಿವರಣೆ ಚೆನ್ನಾಗಿದೆ, ಚಿತ್ರಗಳ ಬಗ್ಗೆ ಮಾತ್ರ ಏನೂ ಕೇಳಬೇಡಿ. ಆ ಗೋಲ್‌ಕೀಪರು ಹಗ್ಗದ ಮೇಲೆ ಒಣಹಾಕಿದ ಪ್ಯಾಂಟಿನ ಹಾಗೆ ಕಾಣುತ್ತಾನೆ.

ಚೆಂಡು ನೆಲ ಮುಟ್ಟುವ ಮೊದಲೇ ಹೊಡೆದರೆ ವಾಲಿ. ಮುಟ್ಟಿ ಏಳುವ ಆ ಕ್ಷಣಕ್ಕೇ ಹೊಡೆದರೆ ಹಾಫ್ ವಾಲಿ. ಅಡಿಯಲ್ಲಿ ಪಾದ ತೂರಿಸಿ ಮುಂದೆ ಬಂದವನ ತಲೆ ಮೇಲಿಂದ ಎತ್ತಿಬಿಟ್ಟರೆ ಚಿಪ್. ಗೋಲಿನ ಬಾಯಲ್ಲೇ ನಿಂತು ಸುಮ್ಮನೆ ಒಳಕ್ಕೆ ತಳ್ಳಿದರೆ ಟ್ಯಾಪ್ ಇನ್. ಹಿಮ್ಮಡಿಯಲ್ಲಿ ಹಿಂದಕ್ಕೆ ಕೊಟ್ಟರೆ ಬ್ಯಾಕ್ ಹೀಲ್. ಬೆರಳ ತುದಿಯಲ್ಲಿ ಚುಚ್ಚಿದರೆ ಟೋ ಪೋಕ್. ನೋಡಿ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ನನಗೂ ಅರ್ಥವಾಯಿತು ಅಣ್ಣ. ಹೆಮ್ಮಿಂಗ್, ಓವರ್‌ಲಾಕ್, ಕಚ್ಚಾ ಹೊಲಿಗೆ, ಎಲ್ಲವೂ ಹೊಲಿಗೆಯೇ, ಆದರೆ ಎಲ್ಲವೂ ಒಂದೇ ಎಂದವನ ಕೈಗೆ ನಾನು ಬಟ್ಟೆ ಕೊಡುತ್ತೇನೆಯೇ?

ರೇಡಿಯೊದ ದೊಡ್ಡ ಸಾಹೇಬರು ಇಂಗ್ಲಿಷ್ ಬೇಡ, ಎಲ್ಲವನ್ನೂ ನಮ್ಮ ಮಾತಿನಲ್ಲೇ ಹೇಳಿ ಎಂದು ಹಟ ಹಿಡಿದ ಕಥೆ ಬರೆದಿದ್ದೀರಿ. ಇವರು, "ಸಾರ್, 'ನೆಲ ಮುಟ್ಟುವ ಮುನ್ನದ ಒದೆತ' ಅನ್ನೋಷ್ಟರಲ್ಲಿ ಎದುರಿನವರು ತಿರುಗಿ ಒಂದು ಗೋಲು ಹೊಡ್ದಿರ್ತಾರೆ" ಎಂದರಂತೆ. ಅದನ್ನು ಇವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ನಕ್ಕರು. ತುಟಿಯ ಎಡಗಡೆ ಮಾತ್ರ ನಗುತ್ತದೆ ಈಗ, ಆದರೂ ನಗೆ ನಗೆಯೇ.

ನೀವು ಇಬ್ಬರೂ ಕೆಲಸ ಮಾಡುತ್ತಿದ್ದ ರೀತಿಯೂ ನನಗೆ ಈ ಪತ್ರದಿಂದಲೇ ತಿಳಿದದ್ದು. ಒಂದೇ ಮೈಕು, ಇಬ್ಬರೂ ಒಟ್ಟಿಗೆ ಬಾಯಿ ಹಾಕಿದರೆ ಕೆಡುತ್ತದೆ. ನೀವು ಇವರ ಎಡಗಡೆ ಕೂತು, ಒದ್ದವನ ಹೆಸರು ಹೇಳಿ ಮುಗಿಸಿ, ಇವರ ಮೊಣಕೈ ತಟ್ಟುತ್ತಿದ್ದಿರಿ. ತಟ್ಟಿದ್ದೇ ತಡ, ಇವರು ಹೊಡೆತದ ಹೆಸರು ಹೇಳುತ್ತಿದ್ದರು. ಕೇಳುವವರಿಗೆ ಒಂದೇ ಬಾಯಿಂದ ಬಂದ ಹಾಗೆ. ಸಂಸಾರದಲ್ಲಿ ನಮಗಿಬ್ಬರಿಗೆ ಅಂಥ ಹೊಂದಾಣಿಕೆ ಇದ್ದಿದ್ದರೆ ಎಂದುಕೊಂಡೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತೂ ಇತ್ತು, ಜಗಳವೂ ಇತ್ತು.

ಈಗ ನಮ್ಮ ಮನೆ ನಡೆಯುವುದು ಹೊಡೆತಗಳ ಮೇಲೆ. ಇವರು ಯಾವಾಗಲೂ ಗೋಡೆಯ ಕಡೆ ತಿರುಗಿರುತ್ತಾರೆ, ಆದ್ದರಿಂದ ಮೊಣಕೈ ಮುಟ್ಟಿ ಕೇಳುತ್ತೇನೆ. "ಗಂಜಿ ಬಿಸಿ ಇದೆಯಾ?" "ಟ್ಯಾಪ್ ಇನ್." ಎಂದರೆ ಸುಲಭವಾಗಿ ಒಳಗೆ ಹೋಗುತ್ತದೆ, ಕೊಡು. "ಕಿಟಕಿ ಹಾಕ್ಲಾ?" "ಚಿಪ್." ಮೇಲಿನದು ತೆರೆದಿರಲಿ. ಮೊನ್ನೆ ಇವರ ಅಕ್ಕ ನೋಡಲು ಬಂದಿದ್ದರು. ಮಧ್ಯಾಹ್ನ ಕೂತವರು ದೀಪ ಹಚ್ಚುವವರೆಗೆ ತಮ್ಮ ಬೀಗರನ್ನು ಬೈದರು. ನಡುವೆ ಇವರ ಮೊಣಕೈ ಹಿಡಿದು, "ನೀನೇ ಹೇಳೋ, ನಂದು ತಪ್ಪಾ?" ಎಂದರು. ಇವರು ಗಂಭೀರವಾಗಿ, "ಬ್ಯಾಕ್ ಹೀಲ್" ಎಂದರು. "ಏನಂದ?" ಎಂದು ಅವರು ನನ್ನನ್ನು ಕೇಳಿದರು. "ಕತ್ತಲಾಯ್ತು, ಹುಷಾರಾಗಿ ಹೋಗು ಅಂದ್ರು" ಎಂದೆ. ಪಾಪ, ಎದ್ದು ಹೋದರು. ನಾನು ಬಾಗಿಲು ಹಾಕಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸ್ಟ್ರೋಕ್ ಆದ ಮೇಲೆ ಅದೇ ಮೊದಲ ಸಲ ನಕ್ಕದ್ದು.

ಇನ್ನೊಂದು ಮಾತು. ಅದನ್ನು ನಿಮಗಲ್ಲದೆ ಯಾರಿಗೂ ಹೇಳಲಾರೆ. ನಾನು ಹೊರಗಿನಿಂದ ಬಂದು ಬಾಗಿಲಲ್ಲಿ ಕಂಡ ಕೂಡಲೇ ಇವರು ಒಂದು ಮಾತು ಹೇಳುತ್ತಾರೆ. ಮುಟ್ಟಬೇಕಿಲ್ಲ, ಕೇಳಬೇಕಿಲ್ಲ. ತಾವಾಗಿಯೇ, ಸಣ್ಣ ದನಿಯಲ್ಲಿ, ಎಡ ತುಟಿಯಲ್ಲಿ ನಗುತ್ತ: "ಕರ್ಲರ್." ನಿಮ್ಮ ಪತ್ರದಲ್ಲಿ ಅದರ ಅರ್ಥ ಹುಡುಕಿದೆ. ಚೆಂಡು ಕಂಬದಿಂದ ಆಚೆ ಹೊರಟಿರುತ್ತದೆ, ಕೈಬಿಟ್ಟುಹೋಯಿತೆಂದು ಮೈದಾನವೆಲ್ಲ ಉಸಿರು ಬಿಟ್ಟಿರುತ್ತದೆ, ಆಗ ಅದು ಗಾಳಿಯಲ್ಲೇ ಬಾಗಿ, ತಿರುಗಿ, ಒಳಗೆ ಬರುತ್ತದೆ. "ಇವನು ಎಲ್ಲ ಹೆಸರನ್ನೂ ಧಾರಾಳವಾಗಿ ಹಂಚುತ್ತಿದ್ದ, ಆ ಹೆಸರನ್ನು ಮಾತ್ರ ಜಿಪುಣನ ಹಾಗೆ ಬಚ್ಚಿಟ್ಟುಕೊಂಡಿದ್ದ. ನಿಜವಾದದ್ದು ಕಂಡಾಗ ಮಾತ್ರ ತೆಗೆಯುತ್ತಿದ್ದ" ಎಂದು ಬರೆದಿದ್ದೀರಿ.

ಅಣ್ಣ, ಮಗಳು ಹುಟ್ಟುವ ಮೊದಲು ನಾನೊಮ್ಮೆ ಟ್ರಂಕು ಎತ್ತಿಕೊಂಡು ತವರಿಗೆ ಹೋದದ್ದು ನಿಮಗೆ ನೆನಪಿದೆಯಲ್ಲ? ಮೈದಾನವನ್ನೇ ಕಟ್ಟಿಕೊಳ್ಳಿ ಎಂದು ಹೋಗಿದ್ದೆ. ಇನ್ನು ಬರುವುದಿಲ್ಲವೆಂದು ಎಲ್ಲರೂ ತೀರ್ಮಾನಿಸಿದ್ದರು, ನಾನೂ. ಆಮೇಲೆ ಒಂದು ಸಂಜೆ ನಾನಾಗಿಯೇ ತಿರುಗಿ ಬಂದೆ. ಇವರು ಬಾಗಿಲು ತೆರೆದು ಏನೂ ಅನ್ನಲಿಲ್ಲ, ಟ್ರಂಕನ್ನು ಒಳಗಿಟ್ಟರು. ಏನೂ ಅನ್ನಲಿಲ್ಲವಲ್ಲ ಎಂದು ನನಗೆ ಇಷ್ಟು ವರ್ಷ ಒಳಗೊಳಗೇ ಕೊರೆಯುತ್ತಿತ್ತು. ಈಗ ಅನ್ನುತ್ತಿದ್ದಾರೆ, ದಿನಾ, ಬಾಗಿಲಿಗೆ ಬಂದಾಗಲೆಲ್ಲ. ಈ ವಯಸ್ಸಿನಲ್ಲಿ ಇಂಥ ಹುಚ್ಚು ಮಾತು ಬರೆಯುತ್ತಿದ್ದೇನೆ, ಅತ್ತಿಗೆಗೆ ತೋರಿಸಬೇಡಿ.

ಟೀಚರಿಗೆ ಇದನ್ನೆಲ್ಲ ಹೇಳಿದೆ. ಅವಳು ನನ್ನ ಕೈ ಒತ್ತಿ ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡಳು. ಮಗಳು ಅಷ್ಟಕ್ಕೆ ಬಿಡಲಿಲ್ಲ. "ಅಮ್ಮಾ, ನೀನು ನಿನ್ನ ಜೊತೆ ನೀನೇ ಮಾತಾಡ್ಕೋತಿದ್ದೀಯ" ಎಂದಳು. ಇನ್ನು ಸ್ವಲ್ಪ ದಿನ ನೋಡಿ ಪಾಠ ನಿಲ್ಲಿಸುತ್ತಾರಂತೆ, ಪ್ರಯೋಜನವಿಲ್ಲದವರಿಗೆ ಆಸ್ಪತ್ರೆಯವರು ಟೀಚರನ್ನು ಕಳಿಸುವುದಿಲ್ಲವಂತೆ. ಇವರು ಮಾತಾಡುತ್ತಿದ್ದಾರೆ, ಉಳಿದವರಿಗೆ ಆ ಭಾಷೆ ತಿಳಿಯದು, ಅಷ್ಟೆ. ನೀವು ಬಂದರೆ ಒಂದೇ ನಿಮಿಷದಲ್ಲಿ ಸಾಬೀತಾಗುತ್ತದೆ. ಆ ಹಳೆಯ ಹೆಡ್‌ಫೋನು ತರುತ್ತೇನೆ ಎಂದಿದ್ದೀರಿ, ತನ್ನಿ. ದಾರಿ ಕಾಯುತ್ತೇನೆ.

ಇಂತಿ,
ಸೂಜಿ


ಜುಲೈ ೧೯

ಪ್ರೀತಿಯ ಅಣ್ಣನವರಿಗೆ,

ನಮಸ್ಕಾರಗಳು. ಮುಂದಿನ ತಿಂಗಳು ಹೊರಡುತ್ತೇನೆಂದು ನೀವು ಬರೆದು ಎಷ್ಟೋ ದಿನವಾಯಿತು. ಉತ್ತರಿಸದ್ದಕ್ಕೆ ಕ್ಷಮಿಸಿ. ಮೆಷಿನ್ ಕೆಟ್ಟಿತ್ತು, ಮಗಳಿಗೆ ಜ್ವರ ಬಂದಿತ್ತು, ಎಂದೆಲ್ಲ ಬರೆಯಬಹುದು. ನಿಮ್ಮ ಹತ್ತಿರ ಆ ನಾಟಕ ಬೇಡ. ನೀವು ಬರಬೇಡಿ ಎಂದು ಬರೆಯಬೇಕಿತ್ತು, ಅದಕ್ಕೆ ತಡವಾಯಿತು.

ಪಾಠ ನಿಲ್ಲಿಸುವ ಮುಂಚೆ ಒಂದು ಪರೀಕ್ಷೆ ಮಾಡಿ ನೋಡೋಣ ಎಂದು ಟೀಚರಿಗೆ ನಾನೇ ದುಂಬಾಲು ಬಿದ್ದೆ. ಟಿವಿಯಲ್ಲಿ ಒಂದು ಆಟ ಹಾಕಿ, ದನಿ ಪೂರ್ತಿ ಕಡಿಮೆ ಮಾಡಿ, ಇವರೇ ಹೊಡೆತ ನೋಡಿ ಹೆಸರು ಹೇಳುತ್ತಾರೋ ಇಲ್ಲವೋ ನೋಡಿ ಎಂದೆ. ಒಪ್ಪಿದಳು. ಒಂದು ಭಾನುವಾರ ಮಧ್ಯಾಹ್ನ ಮಗಳೂ ಬಂದಳು. ಇವರಿಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಶರಟು ಹಾಕಿ ಕೂರಿಸಿದೆ, ಗೂಡಿಗೆ ಹೋಗುವಾಗ ಹಾಕುತ್ತಿದ್ದರಲ್ಲ ಹಾಗೆ. ಮಗಳು ಇವರ ಎಡಗಡೆ ಕುರ್ಚಿ ಎಳೆದುಕೊಂಡು ಕೂತಳು. ಪರೀಕ್ಷೆ ಇವರದಲ್ಲ, ನನ್ನದೇ ಎನ್ನಿಸಿತ್ತು.

ಆಟ ಶುರುವಾಯಿತು. ಮೊದಲ ಹೊಡೆತಕ್ಕೇ ಇವರು ಬಾಯಿ ಬಿಟ್ಟರು: "ಹಾಫ್ ವಾಲಿ!" ಮಗಳು ಕುರ್ಚಿಯಿಂದ ಎದ್ದೇಬಿಟ್ಟಳು. ಇನ್ನೊಂದು ಹೊಡೆತ, "ಚಿಪ್!" ಮತ್ತೊಂದು, "ಟೋ ಪೋಕ್!" ಆ ಗಂಟಲು, ಆ ಗತ್ತು. ಟೀಚರು ಬಾಯಿಗೆ ಕೈ ಇಟ್ಟುಕೊಂಡಳು. "ಮೇಡಂ, ನಾನೇ ತಪ್ಪು ತಿಳ್ಕೊಂಡಿದ್ದೆ. ನೋಡಿ, ಕಾಲು ತಾಗಿದ ತಕ್ಷಣ ಹೇಳ್ತಿದ್ದಾರೆ! ಗುರುತು ಹಿಡೀತಿದ್ದಾರೆ!" ಮಗಳು ನನ್ನನ್ನು ಅಪ್ಪಿಕೊಂಡು ಅಳುತ್ತ, "ನೀನು ಹೇಳಿದ್ದೇ ನಿಜ ಕಣಮ್ಮಾ" ಎಂದಳು. ಅವಳು ಹಾಗೆ ನನ್ನನ್ನು ಅಪ್ಪಿಕೊಂಡು ಬಹಳ ವರ್ಷವಾಗಿತ್ತು.

ಅವರಿಬ್ಬರಿಗೂ ಹೊಡೆತಗಳ ಹೆಸರು ಗೊತ್ತಿಲ್ಲ ಅಣ್ಣ. ನನಗೆ ಗೊತ್ತು. ನೀವು ಕಲಿಸಿದ್ದೀರಿ.

ಹಾಫ್ ವಾಲಿ ಎಂದರಲ್ಲ, ಚೆಂಡು ನೆಲದ ಮೇಲೆ ಸುಮ್ಮನೆ ನಿಂತಿತ್ತು. ಚಿಪ್ ಎಂದಾಗ ಚೆಂಡು ಹುಲ್ಲು ಸವರಿಕೊಂಡು ಹೋಗಿತ್ತು. ಒಬ್ಬ ಗೋಲಿನ ಬಾಯಲ್ಲಿ ನಿಂತು, ಹಸುಗೂಸೂ ತಳ್ಳಬಹುದಾಗಿದ್ದ ಚೆಂಡನ್ನು ಒಳಗೆ ತಳ್ಳಿದ. ಇವರು "ಬೈಸಿಕಲ್ ಕಿಕ್!" ಎಂದರು, ಗಾಳಿಯಲ್ಲಿ ಅಂಗಾತ ಹಾರಿ ತಲೆಯ ಮೇಲಿಂದ ಹಿಂದಕ್ಕೆ ಒದೆಯುವುದಂತೆ ಅದು. ಆಟ ಮುಗಿಯುವವರೆಗೂ ಒಂದೂ ಸರಿಯಾಗಲಿಲ್ಲ. ಕಣ್ಣು ಮುಚ್ಚಿ ಹೇಳಿದ್ದರೂ ಒಂದಾದರೂ ಸರಿಹೋಗುತ್ತಿತ್ತು. ಪಕ್ಕದಲ್ಲಿ ಇಬ್ಬರು ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದೆ.

ಹೆಸರು ತಪ್ಪಿದರೇನು, ಹೊತ್ತು ತಪ್ಪಲಿಲ್ಲವಲ್ಲ, ಹೊಡೆತ ಬಿದ್ದಾಗಲೇ ಹೇಳಿದರಲ್ಲ ಎಂದು ಆ ಸಂಜೆ ಸಮಾಧಾನ ಮಾಡಿಕೊಂಡೆ. ಮುಳುಗುವವನಿಗೆ ಹುಲ್ಲುಕಡ್ಡಿ. ಪಾತ್ರೆ ತೊಳೆಯುವಾಗ ಅದೂ ಕೈಬಿಟ್ಟಿತು. ಮಗಳು ಎಡಗಡೆ ಕೂತು ಇವರ ಮೊಣಕೈ ಹಿಡಿದುಕೊಂಡಿದ್ದಳು. ಹೊಡೆತ ಬಿದ್ದಾಗಲೆಲ್ಲ, "ಅಪ್ಪಾ, ಈಗ!" ಎಂದು ಹುರುಪಿನಿಂದ ತಟ್ಟುತ್ತಿದ್ದಳು. ನೀವು ತಟ್ಟುತ್ತಿದ್ದ ಹಾಗೇ.

ಮರುದಿನ ಮಗಳು ಕೆಲಸಕ್ಕೆ ಹೋದ ಮೇಲೆ ಇವರ ಪಕ್ಕ ಕೂತೆ. ಟಿವಿ ಇಲ್ಲ, ಗಂಜಿ ಇಲ್ಲ, ಏನೂ ಕೇಳಲಿಲ್ಲ. ಸುಮ್ಮನೆ ಮೊಣಕೈ ತಟ್ಟಿದೆ. "ಹಾಫ್ ವಾಲಿ." ಇನ್ನೊಮ್ಮೆ ತಟ್ಟಿದೆ. "ಟ್ಯಾಪ್ ಇನ್." ಮತ್ತೆ. "ಹೆಡರ್." ಮುಖ ಗೋಡೆಯ ಕಡೆಗೇ ಇತ್ತು. ತಟ್ಟುತ್ತಲೇ ಹೋದೆ ಅಣ್ಣ, ಒಮ್ಮೆಯಾದರೂ ನನ್ನ ಕಡೆ ತಿರುಗಿ 'ಏನೇ ಇದು, ಸುಮ್ಮನಿರಬಾರದಾ' ಎಂದು ಬೈಯುವಂತೆ ನೋಡಲಿ ಎಂದು. ನೋಡಲಿಲ್ಲ. ಆಮೇಲೆ ನನಗೇ ನಾಚಿಕೆಯಾಗಿ ಕೈ ತೆಗೆದೆ. ಗಂಜಿ ಬಿಸಿ ಇದೆಯಾ ಎಂದು ಕೇಳಿದ್ದು, ಕಿಟಕಿ, ಇವರ ಅಕ್ಕನನ್ನು ಓಡಿಸಿದ್ದು, ಎಲ್ಲವೂ ಹಾಗೇ ಆದದ್ದು. ಆ ಮೊದಲ ವಾಲಿಯೂ, ಆಗಲೂ ಇವರ ಮೊಣಕೈ ನನ್ನ ಕೈಯಲ್ಲೇ ಇತ್ತು. ರೀಲು ಒಮ್ಮೆ ನೆಲಕ್ಕೆ ಬಿದ್ದು ಪುಟಿದ ಮೇಲೇ ನನ್ನ ಕಾಲಿಗೆ ತಾಗಿತ್ತು ಎಂದು ಈಗ ಅನ್ನಿಸುತ್ತಿದೆ. ಹಾಗಿದ್ದರೆ ಅದು ಹಾಫ್ ವಾಲಿ.

ನಿಮ್ಮ ಮೇಲೂ ಸಿಟ್ಟು ಬಂತು. ನೀವು ಅರ್ಥ ಬರೆಯದೇ ಇದ್ದಿದ್ದರೆ ಆ ಭಾನುವಾರ ನಾನೂ ಅವರಿಬ್ಬರ ಜೊತೆ ಅತ್ತು ಹಾಲು ಕುಡಿದಷ್ಟು ಸಂತೋಷ ಪಡುತ್ತಿದ್ದೆ. ಆಮೇಲೆ ನಿಮ್ಮದೇನು ತಪ್ಪು ಎಂದುಕೊಂಡೆ. ಕೇಳಿದವಳು ನಾನು. ಗೋಡೆಯ ಮೇಲಿದ್ದ ನಿಮ್ಮ ಪತ್ರವನ್ನು ತೆಗೆದು ಮಡಿಸಿಟ್ಟಿದ್ದೇನೆ. ಗುಂಡುಪಿನ್ನಿನ ತೂತುಗಳು ಉಳಿದಿವೆ.

ಮಗಳಿಗೆ ಹೇಳಿಲ್ಲ. ಟೀಚರಿಗೂ ಹೇಳಿಲ್ಲ. ಆಸ್ಪತ್ರೆಯವರು ಪಾಠ ಮುಂದುವರಿಸಿದ್ದಾರೆ. ಟೀಚರು ಹೊಸ ಕಾರ್ಡು ಮಾಡಿಕೊಂಡು ಬರುತ್ತಾಳೆ, ಚಮಚ ಬಿಟ್ಟು ಚೆಂಡಿನ ಚಿತ್ರಗಳು. ಲ್ಯಾಬು, ಮನೆ ಎಂದು ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ ಮಗಳು ಈಗ ಪ್ರತಿ ಭಾನುವಾರ ಬರುತ್ತಾಳೆ. ಎಡಗಡೆ ಕೂತು ಮೊಣಕೈ ಹಿಡಿದು ತನ್ನ ವಾರದ ಕಥೆಯೆಲ್ಲ ಹೇಳುತ್ತಾಳೆ. ಚಿಕ್ಕಂದಿನಲ್ಲಿ ಇವರು ಮೈದಾನಗಳಲ್ಲೇ ಇದ್ದುದರಿಂದ ಹೇಳದೇ ಉಳಿದದ್ದನ್ನೂ ಹೇಳುತ್ತಾಳೆ. ನಡುವೆ "ಅಪ್ಪಾ, ಹೌದಾ?" ಎನ್ನುತ್ತಾಳೆ. "ಬ್ಯಾಕ್ ಹೀಲ್" ಬರುತ್ತದೆ. "ಏನಂದ್ರಮ್ಮಾ?" ಎಂದು ನನ್ನ ಕಡೆ ತಿರುಗುತ್ತಾಳೆ. "ಆಗ ನಿನ್ನ ಜೊತೆ ಇರಬೇಕಿತ್ತು ಅಂತಿದ್ದಾರೆ" ಎನ್ನುತ್ತೇನೆ. ಅವಳು ಕಣ್ಣು ಒರೆಸಿಕೊಳ್ಳುತ್ತಾಳೆ. ಬಾಯಲ್ಲಿಟ್ಟುಕೊಂಡ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಅದಕ್ಕೇ ಬರಬೇಡಿ ಎಂದದ್ದು. ನೀವು ಬಂದು ಅವಳ ಎದುರು ಕೂತರೆ, ಒಂದು ಟ್ಯಾಪ್ ಇನ್ನಿಗೆ ಇವರು ಬೈಸಿಕಲ್ ಕಿಕ್ ಎಂದ ಕೂಡಲೇ ನಿಮ್ಮ ಮುಖ ನೋಡಿ ಅವಳಿಗೆ ಎಲ್ಲ ತಿಳಿಯುತ್ತದೆ. ಗೆಳೆಯನನ್ನು ನೋಡಬೇಕೆಂಬ ಆಸೆ ನಿಮಗೆ ಎಷ್ಟಿದೆಯೆಂದು ಬಲ್ಲೆ. ನನ್ನನ್ನು ಕ್ಷಮಿಸಬೇಡಿ, ಬರಬೇಡಿ, ಅಷ್ಟೆ. ನಿಮ್ಮ ಗೆಳೆಯ ಹಾಗೇ ಇದ್ದಾನೆಂದು ಅಂದುಕೊಳ್ಳಿ, ಗೂಡಿನಲ್ಲಿ ಬಲಗಡೆ ಕೂತು ಕಾಯುತ್ತಿದ್ದಾನೆಂದು.

ನನಗೆ ಒಂದು ಉಳಿದಿದೆ. ಕರ್ಲರ್. ಅದನ್ನು ಎಷ್ಟು ತಟ್ಟಿದರೂ ಇವರು ಅನ್ನುವುದಿಲ್ಲ, ಪರೀಕ್ಷೆಯ ದಿನವೂ ಅನ್ನಲಿಲ್ಲ. ಬಾಗಿಲಲ್ಲಿ ನನ್ನನ್ನು ಕಂಡಾಗ ಮಾತ್ರ, ಮುಟ್ಟದೆ, ಕೇಳದೆ. ಅದೊಂದನ್ನು ಮಾತ್ರ ಯಾವ ಪರೀಕ್ಷೆಗೂ ಹಚ್ಚಲಿಲ್ಲ. ಹಚ್ಚುವುದೂ ಇಲ್ಲ.

ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳಿ, ಅತ್ತಿಗೆಗೆ ಕಣ್ಣಿನ ಹನಿ ಮರೆಯದೆ ಹಾಕಿ. ಮೊಮ್ಮಕ್ಕಳು ಚೆನ್ನಾಗಿ ಓದಲಿ, ಚೆನ್ನಾಗಿ ಆಡಲಿ, ಬಾಯಿ ತುಂಬ ಮಾತಾಡಲಿ. ನಿಮ್ಮ ಮನೆ ತಣ್ಣಗಿರಲಿ.

ಇಂತಿ ನಿಮ್ಮ ತಂಗಿ,
ಸೂಜಿ

ಮರೆತ ಮಾತು: ಪತ್ರ ಮಡಿಸಿ ಲಕೋಟೆಗೆ ಹಾಕಿದ್ದೆ, ಅಂಟಿಸಿರಲಿಲ್ಲ. ಈಗ ತಾನೇ ಕರೆಂಟ್ ಮೀಟರ್ ನೋಡುವವನು ಬಂದಿದ್ದ. ಹೊಸಬ, ನಾವು ಅವನನ್ನು ಕಂಡದ್ದೇ ಇಲ್ಲ. ನಾನು ಅಡುಗೆಮನೆಯಲ್ಲಿದ್ದೆ. ಅವನು ಬಾಗಿಲಲ್ಲಿ ನಿಂತು ಒಳಗೆ ಇಣುಕಿದ. ಇವರು ಗೋಡೆಯಿಂದ ಮುಖ ತಿರುಗಿಸಿ, ಅವನನ್ನು ನೋಡಿ, ಅದೇ ಸಣ್ಣ ದನಿಯಲ್ಲಿ, ಎಡ ತುಟಿಯಲ್ಲಿ ಅದೇ ನಗು ನಗುತ್ತ, "ಕರ್ಲರ್" ಎಂದರು. ನಾನು ಒಲೆ ಆರಿಸಿ ಹೊರಗೆ ಬಂದೆ. ಅವನು, "ಏನಂದ್ರಮ್ಮಾ ಯಜಮಾನ್ರು?" ಎಂದು ಕೇಳಿದ. "ಬಿಸಿಲಲ್ಲಿ ಬಂದಿದ್ದೀರಿ, ಒಂದು ಗಳಿಗೆ ಕೂತ್ಕೊಳ್ಳಿ ಅಂದ್ರು" ಎಂದೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ನೀರು ಕೊಟ್ಟೆ.